ನೆಲಕ್ಕೆ ಬಿಟ್ಟ ಭಾರ

ಶಾಲೆಗಳಿಗೆ ಹೊಸದಾಗಿ ಸೇರಿದ ವ್ಯಾಯಾಮದ ಮೇಷ್ಟ್ರುಗಳು ಆಗಾಗ ನಮ್ಮ ಮನೆಗೆ ಬರುತ್ತಾರೆ. ಕಾಫಿ ಕುಡಿದು, ಆಸನ ಕಲಿಸುವುದರಲ್ಲಿ ಯಾವುದು ಎಲ್ಲಕ್ಕಿಂತ ಕಷ್ಟ ಎಂದು ಕೇಳುತ್ತಾರೆ. ನಾನು ಶೀರ್ಷಾಸನ ಎನ್ನಬಹುದೆಂದು ಅವರು ಎಣಿಸಿರುತ್ತಾರೆ. ನಾನು, ಮಲಗಿಸುವುದು ಎನ್ನುತ್ತೇನೆ. ಅವರು ನಗುತ್ತಾರೆ. ಮುದುಕನ ತಮಾಷೆ ಎಂದುಕೊಂಡು ಹೊರಡುತ್ತಾರೆ. ಹಾಗೆ ಹೊರಟವರನ್ನು ಕರೆದು ಕೂರಿಸಿ ಎಲ್ಲವನ್ನೂ ಹೇಳುವ ಶಕ್ತಿ ಈಗ ನನಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕಣ್ಣಾರೆ ಕಂಡದ್ದನ್ನು ಕಂಡೆ ಎಂದೂ, ಇನ್ನೊಬ್ಬರು ಹೇಳಿದ್ದನ್ನು ಹೇಳಿದರು ಎಂದೂ ಬೇರೆಬೇರೆಯಾಗಿಯೇ ಇಡುತ್ತೇನೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದು ಇಲ್ಲಿ ಬರುವುದಿಲ್ಲ. ಅದರಿಂದ ಯಾರಿಗೂ ಉಪಯೋಗವಿಲ್ಲ.

ನಾನು ದೊಡ್ಡಮಳೂರಿನವನು. ಕೆಲಸಕ್ಕೆ ಸೇರಿದ್ದು ಚನ್ನಪಟ್ಟಣದಲ್ಲಿ, ಡ್ರಿಲ್ ಮಾಸ್ತರನಾಗಿ. ಆಗ ಮಹಾರಾಜರ ಆಳ್ವಿಕೆ. ಡ್ರಿಲ್ ಎಂದರೆ ಸಾಲು, ಸೀಟಿ, ಮರದ ಡಂಬೆಲ್ಲು. ಹುಡುಗರ ಕೈ ಒಟ್ಟಿಗೆ ಏಳಬೇಕು, ಒಟ್ಟಿಗೆ ಇಳಿಯಬೇಕು. ನನ್ನ ಮೇಲೆ ಒಬ್ಬ ದಫೇದಾರರಿದ್ದರು, ಕುದುರೆ ಪಡೆಯಿಂದ ನಿವೃತ್ತರಾಗಿ ಶಾಲೆಗಳ ಡ್ರಿಲ್ ನೋಡಿಕೊಳ್ಳಲು ಬಂದವರು. ಚನ್ನಪಟ್ಟಣದವರೇ. ಅವರು ನಿಂತ ಜಾಗದಲ್ಲಿ ನೆಲಕ್ಕೆ ಗೂಟ ಹೊಡೆದ ಹಾಗಿರುತ್ತಿತ್ತು.

ಕೆಲವು ವರ್ಷಗಳ ಮೇಲೆ, ಡ್ರಿಲ್ಲಿನ ಜೊತೆಗೆ ಯೋಗಾಸನವನ್ನೂ ಕಲಿಸಬೇಕೆಂದು ಮೇಲಿನಿಂದ ಆಜ್ಞೆಯಾಯಿತು. ನನ್ನಂಥ ಕೆಲವರನ್ನು ಮೈಸೂರಿಗೆ ಕರೆಸಿ ಕಲಿಸಿದರು. ಕಲಿತು ಬಂದವರು ಬೇಸಿಗೆ ರಜೆಯಲ್ಲಿ ತಾಲ್ಲೂಕು ಊರುಗಳಿಗೆ ಹೋಗಿ, ಹಳ್ಳಿ ಶಾಲೆಗಳ ಮೇಷ್ಟ್ರುಗಳನ್ನು ಒಟ್ಟು ಸೇರಿಸಿ ಕಲಿಸಬೇಕು. ಅವರು ತಮ್ಮ ಹುಡುಗರಿಗೆ ಕಲಿಸಬೇಕು. ನನಗೆ ಬಂದದ್ದು ಚನ್ನಪಟ್ಟಣ, ಮಾಗಡಿ, ಈಗ ಕನಕಪುರ ಎನ್ನುವ ಕಾನಕಾನಹಳ್ಳಿ, ಈಗ ರಾಮನಗರ ಎನ್ನುವ ಕ್ಲೋಸ್‌ಪೇಟೆ. ರಜೆ ಹಾಳಾಯಿತೆಂಬ ಮುಖ ಹೊತ್ತೇ ಎಲ್ಲರೂ ಬರುತ್ತಿದ್ದರು. ಪಂಚೆಯನ್ನು ಕಚ್ಚೆ ಹಾಕಿ, ಅಂಗಿ ಬಿಚ್ಚಿ ಮೊಳೆಗೆ ನೇತುಹಾಕಿ, ಹೊಟ್ಟೆಯನ್ನು ಒಳಗೆಳೆದುಕೊಂಡು ನಿಲ್ಲುತ್ತಿದ್ದರು.

ಮೊದಲ ಎಡವಟ್ಟು ಕಾನಕಾನಹಳ್ಳಿಯಲ್ಲಿ. ನನಗೆ ಸೀಟಿಯ ಅಭ್ಯಾಸ. ಪ್ರಾಣಾಯಾಮವನ್ನೂ ಸೀಟಿಯಿಂದಲೇ ಮಾಡಿಸುತ್ತಿದ್ದೆ. ಒಂದು ಸೀಟಿಗೆ ಉಸಿರು ಎಳೆಯಬೇಕು, ಇನ್ನೊಂದಕ್ಕೆ ಬಿಡಬೇಕು. ಒಂದು ಬೆಳಿಗ್ಗೆ ಎಳೆಯುವ ಸೀಟಿ ಊದಿದೆ. ಅಷ್ಟರಲ್ಲಿ ಬಾಗಿಲಲ್ಲಿ ತಾಲ್ಲೂಕಿನ ಅಮಲ್ದಾರರು ಕಾಣಿಸಿಕೊಂಡರು. ಓಡಿಹೋಗಿ ನಮಸ್ಕಾರ ಮಾಡಿದೆ. ಅವರು ಊರಿನ ಬಿಸಿಲು, ನೀರು ಎಲ್ಲವನ್ನೂ ವಿಚಾರಿಸಿದರು. ನಾನು ಉತ್ತರ ಹೇಳುತ್ತಲೇ ಇದ್ದೆ. ತಿರುಗಿ ನೋಡಿದಾಗ ಮೇಷ್ಟ್ರುಗಳ ಮುಖಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದ್ದವು. ಒಬ್ಬರು ಪಕ್ಕಕ್ಕೆ ಒರಗಿಬಿಟ್ಟಿದ್ದರು. ಅವರಿಗೆ ನೀರು ಹಾಕಿ ಎಬ್ಬಿಸಿದ ಮೇಲೆ ಕೋಡಿಹಳ್ಳಿಯ ಮೇಷ್ಟ್ರು ಹೇಳಿದರು:

"ನಾನು ಬದುಕ್ಕಂಡೆ ಕಣ್ರೀ. ಅಮಲ್ದಾರ್ರು ಒಂದಪ ಕೆಮ್ಮಿದ್ರಲ್ಲ, ಸರ್ಕಾರದ ಕೆಮ್ಮು, ಇದೂ ಒಂದು ಸೀಟೀನೇ ಅಂತ ಉಸ್ರು ಬುಟ್‌ಬುಟ್ಟೆ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅಂದಿನಿಂದ ಉಸಿರಿಗೆ ಸೀಟಿ ಊದುವುದನ್ನು ಬಿಟ್ಟೆ. ಅವರವರ ಉಸಿರು ಅವರವರದು ಎಂಬುದು ನನಗೆ ಹೊಳೆದದ್ದು ಯಾವ ಗ್ರಂಥದಿಂದಲೂ ಅಲ್ಲ. ಒರಗಿಬಿದ್ದ ಆ ಮೇಷ್ಟ್ರಿಂದ.

ಮಾಗಡಿಯಲ್ಲಿ ಬೇರೆ ತೊಂದರೆ. ಆಸನಗಳೆಲ್ಲ ಮುಗಿದ ಮೇಲೆ ಕೊನೆಗೆ ಅಂಗಾತ ಮಲಗಿ, ಮೈಯನ್ನು ಪೂರ್ತಿ ಸಡಿಲ ಬಿಡಬೇಕು. ಅದಕ್ಕೆ ಶವಾಸನ ಎಂದು ಹೆಸರು. ಹೆಣದ ಹಾಗೆ ಮಲಗುವುದು ಎಂದು ಅರ್ಥವನ್ನೂ ಹೇಳಿಬಿಟ್ಟೆ. ಅದು ಸಂಜೆಯೊಳಗೆ ಊರೆಲ್ಲ ಹಬ್ಬಿತು. ಮರುದಿನ ಎಲ್ಲರೂ ಮಲಗಿದ್ದಾಗ ಒಬ್ಬ ಮೇಷ್ಟ್ರ ತಾಯಿ ನೇರ ಒಳಗೆ ಬಂದರು.

"ಏಳ್ಲಾ ಮ್ಯಾಕೆ! ಬಡಗಲಿಗೆ ತಲೆ ಹಾಕ್ಕಂಡು ಬಿದ್ದವ್ನೆ. ಸಂಬಳ ಕೊಟ್ಟು ಸಾಯದ್ನ ಕಲುಸ್ತಾರೇನ್ಲಾ ಈ ಸರ್ಕಾರ್ದೋರು?"

ಆ ಮಗನಿಗೆ ಮೀಸೆ ನೆರೆತಿತ್ತು. ಎದ್ದು, ಅಂಗಿ ಹೆಗಲ ಮೇಲೆ ಹಾಕಿಕೊಂಡು ತಾಯಿಯ ಹಿಂದೆ ಹೊರಟೇಹೋದರು. ಆಮೇಲೆ ನಾನು ಎರಡು ಬದಲಾವಣೆ ಮಾಡಿಕೊಂಡೆ. ತಲೆ ಉತ್ತರಕ್ಕೆ ಬಾರದ ಹಾಗೆ ಸಾಲು ತಿರುಗಿಸಿದೆ. ಹೆಸರನ್ನು ವಿಶ್ರಾಂತಿ ಎಂದು ಬದಲಾಯಿಸಿದೆ. ತೊಂದರೆ ತೀರಿತೆಂದೇ ತಿಳಿದೆ. ನಮ್ಮ ಮನೆಗಳಲ್ಲಿ ಸತ್ತವರನ್ನು ಮಲಗಿಸುತ್ತಾರೆ, ಸುಡುತ್ತಾರೆ. ಹಾಗಾಗಿ ಮಲಗುವುದಕ್ಕೆ ಜನ ಅಂಜುತ್ತಾರೆಂದರೆ ಅದು ಅಪಶಕುನದ ಅಂಜಿಕೆ, ದಿಕ್ಕಿನ ಅಂಜಿಕೆ ಎಂದಷ್ಟೇ ನನ್ನ ತಲೆಗೆ ಬಂದದ್ದು. ಬೇರೆಯವರ ಮನೆಯಲ್ಲಿ ಬೇರೆ ಪದ್ಧತಿ ಇರುತ್ತದೆ, ಅಂಜಿಕೆಯೂ ಬೇರೆಯೇ ಇರುತ್ತದೆ ಎಂಬುದು ಬರಲಿಲ್ಲ.

ಚನ್ನಪಟ್ಟಣದ ವರ್ಗಕ್ಕೆ ದಫೇದಾರರೇ ಬಂದರು. ನೋಡುತ್ತ ನಿಂತಿದ್ದವರು ಕೊನೆಗೆ, "ಅರೆ ಮಾಸ್ತರ್, ಮಲಗೋದೂ ಒಂದು ಡ್ರಿಲ್ಲೇನಯ್ಯಾ? ನೋಡೇ ಬಿಡೋಣ" ಎಂದು ಟೋಪಿ ತೆಗೆದಿಟ್ಟು ತಾವೂ ಮಲಗಿದರು. ಅಟೆನ್ಷನ್ ನಿಂತವರನ್ನು ಹಾಗೇ ಎತ್ತಿ ನೆಲದ ಮೇಲಿಟ್ಟಂತೆ ಇತ್ತು. ಹಿಮ್ಮಡಿ ಕೂಡಿವೆ. ಮುಷ್ಟಿ ಬಿಗಿದಿದೆ. "ಕೈ ಸಡಿಲ ಬಿಡಿ ಸಾಹೇಬ್ರೆ" ಎಂದೆ. "ಬಿಟ್ಟಿದೀನಿ" ಎಂದರು. ಬಿಟ್ಟಿರಲಿಲ್ಲ. ನಾನು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರೆ ಅವು ಒಂದೊಂದಾಗಿ ಮತ್ತೆ ಮಡಚಿಕೊಂಡವು. ಎದ್ದ ಮೇಲೆ ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. "ನನ್ನ ಮಾತು ಕೇಳಲ್ಲ ಅಂತದೆ ಇದು" ಎಂದರು. ಅವರು ನಗಲಿಲ್ಲ. ನನಗೂ ನಗು ಬರಲಿಲ್ಲ.

ಇನ್ನು ಕ್ಲೋಸ್‌ಪೇಟೆಯ ವಿಷಯ. ಇಷ್ಟು ಹೊತ್ತು ಬರೆದದ್ದು ಇದನ್ನು ಹೇಳುವುದಕ್ಕೇ.

ಅಲ್ಲಿನ ವರ್ಗದಲ್ಲಿ ರುದ್ರಪ್ಪ ಮೇಷ್ಟ್ರೆಂದು ಒಬ್ಬರಿದ್ದರು. ಕೈಲಾಂಚದ ಕಡೆಯ ಒಂದು ಹಳ್ಳಿಯ ಶಾಲೆಗೆ ಅವರೇ ಹೆಡ್‌ಮಾಸ್ತರು, ಅವರೇ ಸಹೋಪಾಧ್ಯಾಯರು. ನನಗಿಂತ ಸಾಕಷ್ಟು ಹಿರಿಯರು. ಶಿವಭಕ್ತರ ಮನೆತನ, ಎದೆಯ ಮೇಲೆ ಲಿಂಗ, ಹಣೆಯಲ್ಲಿ ವಿಭೂತಿ. ಮಾತು ಕಡಿಮೆ. ಪದ್ಮಾಸನದಲ್ಲಿ ಅವರಷ್ಟು ಚೆನ್ನಾಗಿ ಕೂತವರನ್ನು ನಾನು ಮೈಸೂರಿನಲ್ಲೂ ನೋಡಲಿಲ್ಲ. ಬೆನ್ನು ನೆಟ್ಟಗೆ, ಕಣ್ಣು ಮುಚ್ಚಿ, ಎಡಗೈ ಎದೆಯ ಮಟ್ಟಕ್ಕೆ. ಪೂಜೆಗೆ ಕೂತು ಬಂದ ಅಭ್ಯಾಸ. ಉಳಿದವರಿಗೆ ನಾನು ಅವರನ್ನೇ ತೋರಿಸುತ್ತಿದ್ದೆ.

ಆದರೆ ಮಲಗುತ್ತಿರಲಿಲ್ಲ. ವಿಶ್ರಾಂತಿಯ ಹೊತ್ತು ಬಂದರೆ ಅವರಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಕೊಡದಲ್ಲಿ ನೀರಿದೆಯೋ ನೋಡಿ ಬರುತ್ತೇನೆ ಎಂದು ಎದ್ದು ಹೋಗುವರು. ಹೊರಗೆ ಯಾರೋ ಕರೆದ ಹಾಗಾಯಿತು ಎನ್ನುವರು. ನನಗೆ ಅದು ಹಿರಿಯರ ಸಂಕೋಚ ಎನಿಸಿತು. ಬಲವಂತ ಮಾಡಲಿಲ್ಲ.

ಒಂದು ದಿನ ಶಾಲಾ ಇನ್‌ಸ್ಪೆಕ್ಟರು ವರ್ಗ ನೋಡಲು ಬಂದರು. ಒಳ್ಳೆಯವರು, ತಾವೂ ಆಸನ ಮಾಡುವವರು, ಯಾರ ಮೇಲೂ ದನಿ ಎತ್ತದವರು. ವಿಶ್ರಾಂತಿಯ ಹೊತ್ತಿಗೆ ರುದ್ರಪ್ಪನವರು ಎಂದಿನಂತೆ ಎದ್ದರು. ಇನ್‌ಸ್ಪೆಕ್ಟರು ನಗುತ್ತ, "ನೀರನ್ನ ಜವಾನ ನೋಡಿಕೋತಾನೆ ಮೇಷ್ಟ್ರೇ, ತಾವು ಮಲಗಿ. ಇದೇ ಎಲ್ಲಕ್ಕಿಂತ ಮುಖ್ಯ" ಎಂದರು. ರುದ್ರಪ್ಪನವರು ಒಂದು ಕ್ಷಣ ನಿಂತರು. ಆಮೇಲೆ ಚಾಪೆಯ ಮೇಲೆ ಕೂತರು. ಮೊಣಕೈ ಊರಿ, ಒಂದೊಂದೇ ಕಾಲು ಚಾಚಿ, ಮಲಗಿದರು.

ನಾನು ಎಂದಿನಂತೆ ಹೇಳತೊಡಗಿದೆ. ಪಾದ ಸಡಿಲ ಬಿಡಿ. ಮೊಣಕಾಲು ಬಿಡಿ. ಹೊಟ್ಟೆ ಬಿಡಿ. ಕೈಗಳನ್ನು ಪಕ್ಕದಲ್ಲಿ ಬಿಡಿ. ಮೈಯ ಭಾರವನ್ನೆಲ್ಲ ನೆಲಕ್ಕೆ ಬಿಟ್ಟುಬಿಡಿ. ಈ ಕೊನೆಯ ಮಾತು ಮೈಸೂರಿನಲ್ಲಿ ನನಗೆ ಕಲಿಸಿದ್ದು. ಅದನ್ನು ಆಡಿ ನಾನು ಸುಮ್ಮನಾದೆ. ನಾನು ರುದ್ರಪ್ಪನವರ ಕಾಲ ಬಳಿಯೇ ನಿಂತಿದ್ದರಿಂದ ಮುಂದಿನದನ್ನು ಸರಿಯಾಗಿ ಕಂಡೆ. ಮೊದಲು ಅವರ ಗಂಟಲ ಕೆಳಗಿನ ಗುಳಿ ಅದುರಿತು. ಆಮೇಲೆ ಹೊಟ್ಟೆ ತಡೆತಡೆದು ಕುಣಿಯಿತು. ಮುಖ ಹಾಗೇ ಇತ್ತು. ಮುಚ್ಚಿದ ಕಣ್ಣುಗಳ ಕೊನೆಯಿಂದ ನೀರು ಇಳಿದು ಎರಡು ಕಿವಿಗೂ ಹೋಗುತ್ತಿತ್ತು.

ಪಕ್ಕದ ಚಾಪೆಯ ಚಿಕ್ಕೇಗೌಡ ಮೇಷ್ಟ್ರು ಹಾಸ್ಯದವರು. ಕಣ್ಣು ಮುಚ್ಚಿಕೊಂಡೇ, ಚಾಪೆ ಅಲುಗುವ ಸದ್ದು ಕೇಳಿ, "ಏನ್ ರುದ್ರಪ್ನೋರೇ, ಯಾರು ಕಚಗುಳಿ ಇಟ್ಟೋರು? ನಮಗೂ ಒಸಿ ಇಡಾಕೇಳಿ" ಎಂದರು. ಅಷ್ಟರಲ್ಲಿ ರುದ್ರಪ್ಪನವರ ಬಾಯಿಂದ ಒಂದು ಸದ್ದು ಬಂತು. ಅದನ್ನು ಅಳು ಎಂದು ಕರೆಯಬೇಕೋ ಏನೋ. ಹಗ್ಗ ಹರಿದು ಕೊಡ ಬಾವಿಗೆ ಬಿದ್ದ ಹಾಗಿತ್ತು. ಚಿಕ್ಕೇಗೌಡರು ಎದ್ದು ಕೂತರು. ಎಲ್ಲರೂ ಎದ್ದು ಕೂತರು. ಮಲಗಿದ್ದವರು ರುದ್ರಪ್ಪನವರೊಬ್ಬರೇ.

ನನಗೆ ಏನು ಮಾಡಬೇಕೋ ತೋಚಲಿಲ್ಲ. ಬೆನ್ನು ಹಿಡಿದರೆ ಏನು ಮಾಡಬೇಕು, ಸ್ನಾಯು ಸೆಳೆತ ಬಂದರೆ ಏನು ಮಾಡಬೇಕು, ಎಲ್ಲ ಕಲಿಸಿದ್ದರು. ಇದನ್ನು ಕಲಿಸಿರಲಿಲ್ಲ. ಇನ್‌ಸ್ಪೆಕ್ಟರು ಮಾತ್ರ ಗಲಿಬಿಲಿಗೊಳ್ಳಲಿಲ್ಲ. ಕೈ ಸನ್ನೆ ಮಾಡಿ ಉಳಿದವರನ್ನು ಹೊರಗೆ ಕಳಿಸಿದರು. ಅಳು ನಿಂತ ಮೇಲೆ ರುದ್ರಪ್ಪನವರ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, "ನಾಡಿಗಳು ಬಿಚ್ಚಿಕೊಂಡರೆ ಹೀಗಾಗುವುದುಂಟು. ಒಳ್ಳೆಯದೇ ಆಯಿತು. ಮನಸ್ಸಿನಲ್ಲಿ ಏನನ್ನೋ ಹೊತ್ತಿದ್ದೀರಿ. ಯಾರಿಗೆ ಹೇಳಬೇಕೋ ಅವರಿಗೆ ಹೇಳಿ ಹಗುರಾಗಿ" ಎಂದರು. ಅವರ ಮಾತಿನಲ್ಲಿ ದಯೆ ಬಿಟ್ಟು ಬೇರೇನೂ ಇರಲಿಲ್ಲ. ಅದನ್ನು ನಾನು ಇಂದಿಗೂ ಹೇಳಬಲ್ಲೆ.

ಅಂದು ಮಧ್ಯಾಹ್ನ ಊಟವಾದ ಮೇಲೆ ರುದ್ರಪ್ಪನವರೇ ನನ್ನನ್ನು ಶಾಲೆಯ ಹಿಂದಿನ ಬಂಡೆಯ ನೆರಳಿಗೆ ಕರೆದುಕೊಂಡು ಹೋದರು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಕೊಡುತ್ತೇನೆ. ಸಾಮಾನ್ಯವಾಗಿ ಅವರು ಪುಸ್ತಕದ ಕನ್ನಡ ಆಡುವವರು. ಅಂದು ಆಡಲಿಲ್ಲ.

"ನಮಗೊಬ್ಬ ಮಗ ಇದ್ದ ಮೇಷ್ಟ್ರೇ. ಪಿಳೇಗು ಬಂತಲ್ಲ ಆಗ, ಊರು ಬುಟ್ಟು ಹೊಲದಾಗೆ ಗುಡಿಸಲು ಹಾಕ್ಕಂಡಿದ್ವು. ಅವನಿಗೆ ಗೆಡ್ಡೆ ಎದ್ದು ಉಳೀಲಿಲ್ಲ. ನಮ್ಮೋಳೂ ಜ್ವರ ಬಂದು ಗುಡಿಸಲಲ್ಲಿ ಬಿದ್ದವ್ಳೆ. ಅಯ್ನೋರ್ಗೆ ಹೇಳಿ ಕಳಿಸ್ದೆ, ಅವ್ರ ಮನೇಲೂ ಅದೇ ಬ್ಯಾನೆ. ಅಣ್ಣತಮ್ಮಂದ್ರು ದೂರದಲ್ಲಿ ನಿಂತು ಅತ್ರು. ಹತ್ರ ಬರಬ್ಯಾಡಿ ಅಂತ ನಾನೇ ಅಂದೆ. ಒಬ್ನೇ ಹಾರೆ ಹಿಡಿದೆ. ನಮ್ಮೋರನ್ನ ಕೂರಿಸ್ಬೇಕು, ನಿಮಗೆ ಗೊತ್ತಲ್ಲ."

ನನಗೆ ಕೇಳಿ ಮಾತ್ರ ಗೊತ್ತಿತ್ತು. ಅವರಲ್ಲಿ ಸತ್ತವರನ್ನು ಪೂಜೆಗೆ ಕೂತ ಹಾಗೆಯೇ ಪದ್ಮಾಸನದಲ್ಲಿ ಕೂರಿಸಿ, ಅಂಗೈಯಲ್ಲಿ ಲಿಂಗವಿಟ್ಟು, ಆಳದ ಗುಂಡಿಯಲ್ಲಿ ಮಣ್ಣು ಮಾಡುತ್ತಾರೆ.

"ಮೊಣಕಾಲುದ್ದ ತೋಡಾದ್ರಲ್ಲಿ ಬಂಡೆ ಸಿಕ್ತು. ಪಕ್ಕಕ್ಕೆ ತೋಡ್ದೆ, ಅಲ್ಲೂ ಬಂಡೆ. ಈ ಸೀಮೇಲಿ ಎಲ್ಲಿ ತೋಡಿದ್ರೂ ಬಂಡೇನೇ ಅಂತ ಗೊತ್ತು. ಗೊತ್ತಿದ್ರೂ ತೋಡ್ತಾನೇ ಇದ್ದೆ. ಹೊತ್ತು ಏರ್ತು. ಗುಡಿಸಲಲ್ಲಿ ಅವಳ ನರಳಾಟ ಕೇಳುಸ್ತಾನೇ ಐತೆ. ಇನ್ನೂ ತಡ ಮಾಡಿದ್ರೆ ಅವಳ ಬಾಯಿಗೆ ನೀರು ಬುಡೋರಿಲ್ಲ. ಕೊನೆಗೆ ಲಿಂಗಾನ ಅಂಗೈಗೆ ದಾರ ಸುತ್ತಿ ಕಟ್ಟಿ, ಮಲಗಿಸ್‌ಬುಟ್ಟೆ. ಮಲಗಿಸ್‌ಬುಟ್ಟೆ ಮೇಷ್ಟ್ರೇ, ನಮ್ಮ ಮಗನ್ನ."

ಆಮೇಲೆ ಹೇಳಿದರು:

"ಗುಡಿಸಲಿಗೆ ಬಂದ ತಕ್ಷಣ ಅವಳು ಕೇಳಿದ್ಲು, ಕೂರಿಸಿದ್ರಾ ಅಂತ. ಕೂರಿಸ್ದೆ ಅಂದೆ. ಬೆನ್ನು ನೆಟ್ಟಗಿತ್ತಾ ಅಂದ್ಲು. ನೆಟ್ಟಗಿತ್ತು ಅಂದೆ. ಆ ಮಾತು ಹಿಡ್ಕಂಡೇ ಅವಳು ಎದ್ದು ಓಡಾಡ್ಕಂಡವ್ಳೆ ಇಲ್ಲೀಗಂಟ. ನಾನು ಅವತ್ತಿಂದ ಅಂಗಾತ ಮಲಗಿಲ್ಲ. ಮಲಗಿದ್ರೆ ಅವನೆಂಗವ್ನೆ ಅಂತ ನನ್ನ ಬೆನ್ನಿಗೇ ಗೊತ್ತಾಯ್ತದೆ. ಇವತ್ತು ನೀವು ನೆಲಕ್ಕೆ ಬುಟ್‌ಬುಡಿ ಅಂದ್ರಿ. ಬುಟ್ಟೆ. ಈಗ ಹಗುರಾಗೈತೆ. ಸಾಹೇಬ್ರು ಹೇಳ್ದಂಗೆ, ಊರಿಗೆ ಹೋಗಿ ಅವಳಿಗೂ ಹೇಳಿಬಿಡ್ತೀನಿ."

ಅವರ ಮುಖ ತೊಳೆದ ಹಾಗಿತ್ತು. ಒಳ್ಳೆಯದು ಹಾಗೇ ಮಾಡಿ ಎಂದೋ, ನಿಮ್ಮಿಷ್ಟ ಎಂದೋ, ನಾನು ಏನೂ ಹೇಳಿದ ನೆನಪಿಲ್ಲ. ಅವರೂ ನನ್ನನ್ನು ಕೇಳಿರಲಿಲ್ಲ. ಆಗಲೇ ನಿಶ್ಚಯಿಸಿಕೊಂಡಿದ್ದರು.

ಭಾನುವಾರ ಊರಿಗೆ ಹೋಗಿ ಸೋಮವಾರ ಬಂದರು. ಬೇರೆ ಮನುಷ್ಯರೇ ಆಗಿದ್ದರು. ವಿಶ್ರಾಂತಿಗೆ ಎಲ್ಲರಿಗಿಂತ ಮೊದಲು ಮಲಗಿ, ಗೊರಕೆಯನ್ನೂ ಹೊಡೆದರು. ಚಿಕ್ಕೇಗೌಡರು, "ಅಯ್ಯೋ, ನಿಮ್ಮ ಅಳುವೇ ವಾಸಿ ಕಣ್ ಮಾರಾಯ್ರೇ, ಮಾತ್ರೆ ಗಣ ಏನೂ ಸರಿಯಾಗಿಲ್ಲ ಈ ಗೊರಕೇಲಿ" ಎಂದರೆ ಅವರೂ ಎದೆ ತುಂಬ ನಕ್ಕರು. ಮನೆಯಲ್ಲಿ ಹೇಳಿದಿರಾ ಎಂದು ಕೇಳಿದೆ. "ಹೇಳಿದೆ" ಎಂದರು. "ಏನಂದ್ರು?" "ಏನೂ ಅನ್ನಲಿಲ್ಲ. ಸುಮ್ಮನೆ ಕೇಳಿಸಿಕೊಂಡಳು." ಅದನ್ನು ಅವರು ಸಮಾಧಾನದಿಂದಲೇ ಹೇಳಿದರು. ನಾನೂ ಸಮಾಧಾನದಿಂದಲೇ ಕೇಳಿದೆ.

ಅಲ್ಲಿಂದ ನನ್ನ ಕಲಿಸುವ ರೀತಿ ಬದಲಾಯಿತು. ಇನ್‌ಸ್ಪೆಕ್ಟರ ಸಲಹೆಯಂತೆ ವಿಶ್ರಾಂತಿಯ ಹೊತ್ತನ್ನು ಹೆಚ್ಚಿಸಿದೆ. ಮಲಗಿದವರಲ್ಲಿ ಕೆಲವರು ಅತ್ತರು. ಕೆಲವರಿಗೆ ಸುಮ್ಮನೆ ನಗು ಬಂತು. ಕಾನಕಾನಹಳ್ಳಿಯಲ್ಲಿ ಒಬ್ಬರು ಕೋಪ ಮಾಡಿಕೊಂಡು ಎದ್ದು ಹೋದರು. ಯಾರ ಮೇಲೆ ಕೋಪವೆಂದು ಅವರಿಗೂ ತಿಳಿಯದು. ಅಳುವವರನ್ನು ಬೇಗ ಸುಮ್ಮನಿರಿಸಬೇಡಿ, ಸುತ್ತ ಗುಂಪು ಕೂಡಲು ಬಿಡಬೇಡಿ, ಕಾರಣ ಕೆದಕಬೇಡಿ. ಈ ಮೂರನ್ನು ಆಗ ಕಲಿತೆ, ನೀವೂ ಇಟ್ಟುಕೊಳ್ಳಿ. ಆದರೆ ಅತ್ತು ಎದ್ದವರು ಹಗುರಾದೆ ಎಂದ ಕೂಡಲೇ ನಾವು ಕೆಲಸ ಮುಗಿಯಿತೆಂದು ಚಾಪೆ ಸುತ್ತಿಡುತ್ತಿದ್ದೆವು. ಚಾಪೆಯ ಮೇಲಿದ್ದವರನ್ನಷ್ಟೇ ನೋಡುವುದು ನಮಗೆ ಅಭ್ಯಾಸ. ಚಾಪೆಯ ಆಚೆ ಏನಾಯಿತೆಂದು ನೋಡುವ ಪದ್ಧತಿ ಆಗ ಯಾರಿಗೂ ಇರಲಿಲ್ಲ. ಈಗಲೂ ಇದೆಯೆಂದು ನಾನು ಕೇಳಿಲ್ಲ.

ಮಳೆಗಾಲ ಕಳೆದ ಮೇಲೆ ಕೈಲಾಂಚದ ಕಡೆಯ ಶಾಲೆಗಳ ಡ್ರಿಲ್ ನೋಡಲು ಹೋದೆ. ರುದ್ರಪ್ಪನವರ ಹಳ್ಳಿಯಲ್ಲಿ ಅಂದು ಶಾಲೆಗೆ ಬೀಗ. ಮೇಷ್ಟ್ರು ಏನೋ ಕೆಲಸದ ಮೇಲೆ ಪೇಟೆಗೆ ಹೋಗಿದ್ದಾರೆಂದು ತಿಳಿಯಿತು. ಬಿಸಿಲು ಜೋರಾಗಿತ್ತು. ನೀರು ಕುಡಿದು ಹೊರಡೋಣವೆಂದು ಅವರ ಮನೆಗೆ ಹೋದೆ. ಜಗಲಿಯ ಮೇಲೆ ಅವರ ಹೆಂಡತಿ ಗೌರಮ್ಮನವರು ರೇಷ್ಮೆ ಹುಳುಗಳಿಗೆಂದು ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತ ಕೂತಿದ್ದರು. ನಾನು ಯಾರೆಂದು ಹೇಳಿದೆ. ಕತ್ತಿ ನಿಂತಿತು.

"ಮಲಗ್ಸೋ ಮೇಷ್ಟ್ರಾ?" ಎಂದರು.

ಹೌದೆಂದೆ. ಒಳಗೆ ಹೋಗಿ ಮಜ್ಜಿಗೆ ತಂದುಕೊಟ್ಟು, ಮತ್ತೆ ಸೊಪ್ಪಿನ ಮುಂದೆ ಕೂತರು. ಮೇಷ್ಟ್ರು ಆರೋಗ್ಯವೇ ಎಂದು ಕೇಳಿದೆ.

"ಅವ್ರಿಗೇನು, ಸಂದಾಗವ್ರೆ. ಅವತ್ತು ಬಂದ್ರು, ಹೇಳಿದ್ರು, ಅತ್ರು. ಆಮ್ಯಾಕೆ ಹೊಟ್ಟೆ ತುಂಬ ಉಂಡ್ರು. ಮಲಗಿ ಗೊರಕೆ ಹೊಡುದ್ರು. ಈ ಮನೇಲಿ ಗೊರಕೆ ಕೇಳಿ ಅದ್ಯಾವ ಕಾಲ ಆಗಿತ್ತೋ." ಸೊಪ್ಪನ್ನು ಒಟ್ಟು ಮಾಡಿ ಮತ್ತೆ ಕತ್ತಿಗೆ ಕೊಟ್ಟರು. "ಅವ್ರಿಗೆ ಹಗುರಾಯ್ತು. ಆ ಭಾರ ಎತ್ತಗೋಯ್ತು ಅಂತ ನಿಮ್ಮಲ್ಲಿ ಯಾರಾದ್ರೂ ಕೇಳುದ್ರಾ?"

ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ತಲೆ ಎತ್ತದೆ ಹೇಳುತ್ತ ಹೋದರು.

"ನನ್ನ ಕಣ್ಣಿಗೆ ಮಗ ಕೂತಿದ್ದ ಸ್ವಾಮಿ. ಬೆಳಿಗ್ಗೆ ನಾನು ಪೂಜೆಗೆ ಕೂತ್ರೆ ನನ್ನೆದುರ್ಗೆ ಅವನೂ ಕೂತ್ಕತಿದ್ದ, ಬೆನ್ನು ನೆಟ್ಟಗೆ ಮಾಡ್ಕಂಡು. ಶಿವನತ್ರ ಪಾಠಕ್ಕೆ ಕೂತವ್ನೆ ಅಂದ್ಕಂಡು ಎದ್ದು ಒಲೆ ಹಚ್ತಿದ್ದೆ. ಈಗ ಕೂತ್ಕ ಅಂದ್ರೆ ಕೂತ್ಕಳಾಕಿಲ್ಲ. ಮಲಗವ್ನೆ ಅಂತ ಗೊತ್ತು. ಎಂಗೆ ಮಲಗವ್ನೆ ಅಂತ ಕಾಣಾಕಿಲ್ಲ. ಮಗ್ಗುಲಾಗೋ, ಬೋರಲಾಗೋ, ಕಾಲು ಮಡಿಸ್ಕಂಡೋ. ಇವ್ರನ್ನ ಕೇಳಿದ್ರೆ, ಮುಗುದೋಯ್ತಲ್ಲ ಬುಡು ಗೌರಿ, ಅಂತಾರೆ. ಅವ್ರಿಗೆ ಮುಗುದೈತೆ. ನಂಗೆ ಅವತ್ತು ಶುರುವಾಯ್ತು."

"ನೀವು ಅತ್ತಿರಾ ತಾಯಿ?" ಎಂದು ಕೇಳಿದೆ. ನನ್ನ ವಿದ್ಯೆಯಲ್ಲಿದ್ದ ಪ್ರಶ್ನೆ ಅದೊಂದೇ.

"ಏನ ನೋಡ್ಕಂಡು ಅಳ್ಲಿ?" ಎಂದರು.

ಕತ್ತಿಯನ್ನು ಬದಿಗಿಟ್ಟು, ಕೈಯ ಹಸಿರನ್ನು ಸೆರಗಿಗೆ ಒರೆಸಿಕೊಂಡು, ಮೊದಲ ಸಲ ನನ್ನನ್ನು ನೇರವಾಗಿ ನೋಡಿದರು.

"ನೀವು ಮಲಗಿಸ್ತೀರಂತಲ್ಲ. ಅಂಗೆ ಮಲಗಿದ್ದಕ್ಕೇ ಇವ್ರಿಗೆ ಅದು ಕಣ್ಮುಂದೆ ಬಂತಂತೆ. ಅದೇನು ಅಂತ ನಂಗೆ ಒಂದಪ ತೋರಿಸ್ತೀರಾ?"

ಪರರ ಮನೆ, ಯಜಮಾನರಿಲ್ಲ, ಬೀದಿಗೆ ತೆರೆದ ಜಗಲಿ. ಆಗುವುದಿಲ್ಲ ಎನ್ನಲು ಎಷ್ಟೋ ಕಾರಣಗಳಿದ್ದವು. ಆದರೂ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟೆ. ಕೋಟು ತೆಗೆದೆ. ಜಗಲಿಯ ಕಲ್ಲಿನ ಮೇಲೆ ಅಂಗಾತ ಮಲಗಿ, ನಾನು ಎಲ್ಲರಿಗೂ ಹೇಳುತ್ತಿದ್ದ ಪ್ರಕಾರ ಕಾಲು ಚಾಚಿ, ಕೈಗಳನ್ನು ಪಕ್ಕಕ್ಕೆ ಬಿಟ್ಟೆ.

ಎದುರು ಮನೆಯ ಹೆಂಗಸು ಹೊಸಿಲಲ್ಲಿ ನಿಂತು ಕೂಗಿದ್ದು ಕೇಳಿಸಿತು. "ಏನವ್ವಾ ಗೌರಕ್ಕ, ಯಾರವ್ವ ಅದು ಬಿದ್ದೋಗಿರಾದು?"

"ಯಾರೂ ಬಿದ್ದಿಲ್ಲ ಹೋಗವ್ವಾ. ಮೇಷ್ಟ್ರು ಪಾಠ ಹೇಳ್ಕೊಡ್ತಾವ್ರೆ" ಎಂದರು ಗೌರಮ್ಮ. ಆಮೇಲೆ ನನಗೆ, "ಕಣ್ಣು ಮುಚ್ಚಿ. ನಾನು ಹೇಳಗಂಟ ತೆಗೀಬ್ಯಾಡಿ" ಎಂದರು.

ಇದಾದ ಮೇಲೆ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಆ ಹಳ್ಳಿಗೆ ನಾನು ಮತ್ತೆ ಹೋಗಲಿಲ್ಲ. ಆ ಗಂಡಹೆಂಡಿರು ಮುಂದೆ ಹೇಗಿದ್ದರು, ಅವರಿಗೆ ನೆಮ್ಮದಿಯಾಯಿತೋ ಇಲ್ಲವೋ, ನಾನು ಹೇಳಲಾರೆ. ಅಂದು ಜಗಲಿಯ ಮೇಲೆ ಕಣ್ಣು ಮುಚ್ಚಿಕೊಂಡಿದ್ದರಿಂದ, ಇನ್ನು ಹೇಳುವುದರಲ್ಲಿ ನಾನು ಕಂಡದ್ದು ಇಲ್ಲ, ಕಿವಿಗೆ ಬಿದ್ದದ್ದು ಮತ್ತು ಮೈಗೆ ತಿಳಿದದ್ದು ಮಾತ್ರ.

ಅವರು ನನ್ನ ಕಾಲಿನ ಕಡೆಯಿಂದ ನಿಧಾನವಾಗಿ ತಲೆಯ ಕಡೆಗೆ ಬಂದರು. ಬಳೆಯ ಸದ್ದಿನಿಂದ ಗೊತ್ತಾಯಿತು. ಪಕ್ಕದಲ್ಲಿ ಕೂತರು.

"ಅಂಗೈ ಮ್ಯಾಕಿರ್ತದಾ?"

"ಹೌದು ತಾಯಿ."

"ನೀವು ಬೇಕಂತ ಇಟ್ಟಿದ್ದೀರೋ?"

"ಇಲ್ಲ. ಸಡಿಲ ಬಿಟ್ಟರೆ ತಾನಾಗೇ ಬಿಚ್ಚಿಕೊಳ್ಳುತ್ತೆ."

"ಮಕ್ಕಳದೂ?"

"ಮಕ್ಕಳದಂತೂ ಬೇಗ."

ಮುಚ್ಚಿದ ರೆಪ್ಪೆಯ ಮೇಲೆ ನೆರಳು ಬಂದು ಹೋಯಿತು; ನನ್ನ ಅಂಗೈಯನ್ನು ಬಗ್ಗಿ ನೋಡಿರಬೇಕು.

"ಅಂಗಾದ್ರೆ ಲಿಂಗ ಜಾರಿರಾಕಿಲ್ಲ" ಎಂದರು. ನನಗೆ ಹೇಳಿದ್ದಲ್ಲ.

ಎದ್ದು ಒಳಗೆ ಹೋದರು. ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ತಿರುಗಿ ಬಂದು, ಒಂದು ಕೈಯಿಂದ ನನ್ನ ತಲೆಯನ್ನು ತುಸು ಎತ್ತಿ, ಮಡಿಸಿದ ಬಟ್ಟೆಯೊಂದನ್ನು ಅದರ ಕೆಳಗೆ ಇಟ್ಟು, ಮತ್ತೆ ಮೆಲ್ಲಗೆ ಇಳಿಸಿದರು. ಒಗೆದೊಗೆದು ಮೆತ್ತಗಾದ ಬಟ್ಟೆ. ಏನಿರಬಹುದೆಂದು ನಾನು ಊಹಿಸಲು ಹೋಗಲಿಲ್ಲ.

"ಕಲ್ಲು ಒತ್ತುತದೆ" ಎಂದರು.

ಅದಾದ ಮೇಲೆ ನನ್ನ ತಲೆಯ ಪಕ್ಕದಲ್ಲೇ ಅವರ ಉಸಿರು ಒಮ್ಮೆ ಸಿಕ್ಕಿಕೊಂಡಿತು, ಬಿಟ್ಟಿತು, ಮತ್ತೆ ಸಿಕ್ಕಿಕೊಂಡಿತು. ಸೆರಗನ್ನು ಬಾಯಿಗೆ ಒತ್ತಿಕೊಂಡ ಅಳು. ಅದನ್ನು ನಾನು ಎಷ್ಟೋ ವರ್ಗಗಳಲ್ಲಿ ಕೇಳಿದ್ದೆ. ಎಲ್ಲ ಕಡೆ ಮಲಗಿದ್ದವರು ಅಳುತ್ತಿದ್ದರು, ನಾನು ನಿಂತಿರುತ್ತಿದ್ದೆ. ಇಲ್ಲಿ ಅಲುಗಾಡದೆ ಇರುವುದೊಂದೇ ನನ್ನಿಂದಾಗುವ ಕೆಲಸವಾಗಿತ್ತು. ಎದುರು ಮನೆಯಿಂದ ಸದ್ದಿಲ್ಲ. ಬುಟ್ಟಿಯ ಸೊಪ್ಪಿನ ವಾಸನೆ ಬರುತ್ತಿತ್ತು. ಬಿಸಿಲು ನನ್ನ ಪಾದದಿಂದ ಮೊಣಕಾಲಿಗೆ ಏರಿತು.

ಅಳು ತಗ್ಗಿದ ಹಾಗೆ ತೋರಿತು. ಕಣ್ಣು ತೆರೆಯದೆಯೇ ಕೇಳಿದೆ, "ಏಳಲೇ ತಾಯಿ?"

ಒಂದು ಕೈ ನನ್ನ ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ಸರಿಸಿತು.

"ಮಲಗಿರು ಮಗ" ಎಂದರು. "ಇನ್ನೊಸಿ ಹೊತ್ತು."

ಮಲಗಿಯೇ ಇದ್ದೆ.